ಶ್ರುತಿ ಮೊದಲು, ಪೆಟ್ಟಿಗೆ ಆಮೇಲೆ

ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡಬೇಕೆಂದು ಊರವರು ಕೂತರೆ ಮೊದಲು ಗೊತ್ತುಮಾಡುವುದು ಹಾರ್ಮೋನಿಯಂ ಮೇಷ್ಟ್ರನ್ನು. ಕಂದ, ವೃತ್ತಗಳಿಗೆ ರಾಗ ಕೂರಿಸುವುದು, ಕೃಷ್ಣನ ಪಾತ್ರಧಾರಿಯ ಗಂಟಲು ಎಷ್ಟು ಮನೆ ಶ್ರುತಿಗೆ ಒಗ್ಗುತ್ತದೆಂದು ನೋಡುವುದು ಅವರ ಕೆಲಸ. ಆದರೆ ಅವರ ಪೆಟ್ಟಿಗೆಯೊಳಗೆ ಏನಿರಬೇಕೆಂಬುದು ಕೊಳ್ಳುವ ದಿನವೇ ತೀರ್ಮಾನವಾಗಿರುತ್ತದೆ: ಬೇಸ್ ರೀಡೋ ಮೇಲ್ ರೀಡೋ, ಎರಡು ಸಾಲೋ ಮೂರು ಸಾಲೋ, ಕಪ್ಲರ್ ಬೇಕೋ ಬೇಡವೋ. ಮನೆಗೆ ಬಂದ ಮೇಲೆ ಅದರ ಸ್ವರಗಳು ಜಾಗ ಬಿಟ್ಟು ಕದಲುವುದಿಲ್ಲ.

ಕೈಯಲ್ಲಿ ತಿದಿಯೊತ್ತಿ ನುಡಿಸುವ ಹಾರ್ಮೋನಿಯಂ ರೂಪುಗೊಂಡದ್ದು ಕೋಲ್ಕತ್ತಾದಲ್ಲಿ, 1875ರ ಸುಮಾರಿಗೆ, ದ್ವಾರಕಾನಾಥ ಘೋಷರ ಕೈಯಲ್ಲಿ. ಗಮಕ ಬಾರದು, ಸ್ವರಗಳು ನಮ್ಮವಲ್ಲ ಎಂಬ ದೂರಿನಿಂದ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ನಿಷೇಧ ಅತಿಯಾಯಿತು, ಹಳ್ಳಿಯ ರಂಗಭೂಮಿಯನ್ನು ಉಳಿಸಿದ ವಾದ್ಯವದು. ಆದರೆ ದೂರು ಸುಳ್ಳಲ್ಲ. ಸಮಭಾಗದ ಹನ್ನೆರಡು ಮನೆಗಳಲ್ಲಿ ಅಂತರ ಗಾಂಧಾರ ಶುದ್ಧ ಅನುಪಾತಕ್ಕಿಂತ 14 ಸೆಂಟ್‌ನಷ್ಟು ಮೇಲಿರುತ್ತದೆ. ಒಂದು ಮನೆಯನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಸೆಂಟ್. ತಂಬೂರಿಗೆ ಒಗ್ಗಿದ ಕಿವಿಗೆ 14 ಸೆಂಟ್ ದೊಡ್ಡ ಅಂತರ.

ಈ ದೂರಿಗೆ ಉತ್ತರವಾಗಬಲ್ಲ ವಾದ್ಯ, ಮಾಡ್ಯುಲರ್ ಸಿಂಥಸೈಸರ್, ಬೇರೊಂದು ದಾರಿಯಲ್ಲಿ ಹುಟ್ಟಿತು. 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಸ್ವರದ ಏರಿಳಿತವನ್ನು ವೋಲ್ಟೇಜಿಗೆ ಒಪ್ಪಿಸಿದ: ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ ಏರಬೇಕು. ನಾದ ಹುಟ್ಟಿಸುವ ಆಸಿಲೇಟರ್, ಅದರ ಬಣ್ಣ ಬದಲಿಸುವ ಫಿಲ್ಟರ್, ಮೊಳಗನ್ನು ಏರಿಸಿ ಇಳಿಸುವ ಆಂಪ್ಲಿಫಯರ್ ಇವೆಲ್ಲ ಬೇರೆಬೇರೆ ಮಾಡ್ಯೂಲ್‌ಗಳು. ಯಾವುದನ್ನು ಯಾವುದಕ್ಕೆ ತಂತಿಯಿಂದ ಜೋಡಿಸಬೇಕೆಂಬುದು ನುಡಿಸುವವರಿಗೆ ಬಿಟ್ಟದ್ದು. ಅದೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಡಾನ್ ಬುಕ್ಲಾ ಪಿಯಾನೋ ಮನೆಗಳನ್ನೇ ಕೈಬಿಟ್ಟು, ಮುಟ್ಟಿದರೆ ಸ್ಪಂದಿಸುವ ಫಲಕಗಳನ್ನಿಟ್ಟ. ನಮ್ಮ ಸಂಗೀತಕ್ಕೆ ಹತ್ತಿರವಾದ ಆಲೋಚನೆ ಬುಕ್ಲಾನದೇ ಎಂದು ನನಗನ್ನಿಸುತ್ತದೆ.

ಮೂಗ್ ಯಂತ್ರ ಭಾರತಕ್ಕೂ ಬಂತು. 1946ರಲ್ಲಿ ನ್ಯೂಯಾರ್ಕಿನಲ್ಲಿ ಸಂಗೀತ ಸಂಯೋಜಕ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟವರು ಗೀತಾ ಸಾರಾಭಾಯಿ. ಕೇಜ್‌ನ ಒಡನಾಡಿ ಡೇವಿಡ್ ಟ್ಯೂಡರ್ 1969ರಲ್ಲಿ ಅಹಮದಾಬಾದಿಗೆ ಬಂದು ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಆ ಯಂತ್ರವನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮುಂತಾದವರು 1972ರವರೆಗೆ ಅಲ್ಲಿ ಮಾಡಿದ ಧ್ವನಿಮುದ್ರಣಗಳು ಸಂಗ್ರಹದಲ್ಲೇ ಉಳಿದು, 2023ರಲ್ಲಿ ಆಲ್ಬಮ್ ಆಗಿ ಹೊರಬಂದವು. ಬೆಂಗಳೂರಿನಲ್ಲಿ ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಂದರು. ಇವತ್ತು ಸಂಗೀತ ಪಾಠದ ಮನೆಗಳಲ್ಲಿ ಅದು ಸಾಮಾನ್ಯ.

ಮಾಡ್ಯೂಲುಗಳ ಆಯ್ಕೆ ಎಲ್ಲರ ಕೈಗೆ ಬಂದದ್ದು 1996ರ ಹೊತ್ತಿಗೆ. ಜರ್ಮನಿಯ ಡೀಟರ್ ಡೋಪ್ಫರ್ ಪ್ರಯೋಗಾಲಯದ ಉಪಕರಣಗಳ ಅಳತೆಯನ್ನೇ ತೆಗೆದುಕೊಂಡು ಮಾಡ್ಯೂಲ್ ಕೂರಿಸುವ ಚೌಕಟ್ಟಾದ ಯೂರೋರ‍್ಯಾಕ್ ರೂಪಿಸಿದರು. ಮಾಡ್ಯೂಲಿನ ಎತ್ತರ 128.5 ಮಿಲಿಮೀಟರ್, ಅಗಲವನ್ನು 5.08 ಮಿಲಿಮೀಟರಿನ ಎಚ್‌ಪಿಗಳಲ್ಲಿ ಎಣಿಸುತ್ತಾರೆ. ಸಾಮಾನ್ಯವಾದ ಒಂದು ಸಾಲಿಗೆ 84 ಎಚ್‌ಪಿ. ಅಳತೆ ಒಂದೇ ಆದದ್ದರಿಂದ ಸಣ್ಣಪುಟ್ಟ ತಯಾರಕರೂ ಮಾಡ್ಯೂಲ್ ಮಾಡತೊಡಗಿದರು. ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆ ಅಲ್ಲಿಂದ ಶುರು.

ಪಾಂಡವಪುರದ ಸಂಗೀತಗಾರರೊಬ್ಬರು ಆ 84 ಎಚ್‌ಪಿ ತುಂಬಲು ಹೊರಟರೆ? ಪಕ್ಕದ ಮೇಲುಕೋಟೆಯವರಾದ ಪು.ತಿ.ನ. ತಮ್ಮ ಗೀತನಾಟಕಗಳಿಗೆ ಬೇಕೆನಿಸಿದ ಕಡೆ ಹೊಸ ರಾಗಗಳನ್ನೇ ಕಟ್ಟಿಕೊಂಡವರು. ಭಾವ ಮುಂದೆ ಹೋಗಿ ರಾಗವನ್ನು ಕರೆದುಕೊಂಡು ಬಂತು. ರ‍್ಯಾಕ್ ತುಂಬುವಾಗಲೂ ನುಡಿಸುವ ಸಂಗೀತವೇ ಮುಂದೆ ಹೋಗಬೇಕು. ಹಾಗಾಗಿ ಮೊದಲು ಶ್ರುತಿ. ತಂಬೂರಿಯ ನಾಲ್ಕು ತಂತಿಗೆ ನಾಲ್ಕು ಆಸಿಲೇಟರ್ ಕೊಂಡರೆ ಸಾಲೆಲ್ಲ ಅಲ್ಲೇ ತೀರಿಹೋಗುತ್ತದೆ. ಪಂಚಮಕ್ಕೊಂದು, ಷಡ್ಜಕ್ಕೊಂದು, ಹಾಡುವ ಸ್ವರಕ್ಕೆ ಮೂರನೆಯದು ಸಾಕು. ಬಿಸಿಯಾದಂತೆ ಜಾರದ ಆಸಿಲೇಟರಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ, ಏಕೆಂದರೆ ಇಲ್ಲಿ ಒಂದು ಮನೆ ಎಂದರೆ ಸುಮಾರು 83 ಮಿಲಿವೋಲ್ಟ್ ಮಾತ್ರ. ಹತ್ತು ಮಿಲಿವೋಲ್ಟ್ ತಪ್ಪಿದರೂ ಅಪಸ್ವರ ಕೇಳುತ್ತದೆ.

ಅಂಗಡಿಗಳು ಮುಂದೊಡ್ಡುವ ಕ್ವಾಂಟೈಸರ್ ಬರುವ ವೋಲ್ಟೇಜನ್ನು ಹತ್ತಿರದ ಮನೆಗೆ ಎಳೆದು ಕೂರಿಸುತ್ತದೆ. ತೋಡಿಯ ಗಾಂಧಾರ ಕೂರುವ ಸ್ವರವಲ್ಲ, ತೂಗುವ ಸ್ವರ. ಅದನ್ನು ಹಿಡಿಯಲು ಬೇಕಾದದ್ದು ಬೆರಳು ಜಾರಿಸಿ ನುಡಿಸುವ ರಿಬ್ಬನ್ ಮತ್ತು ಒಂದು ಮಟ್ಟದಿಂದ ಇನ್ನೊಂದಕ್ಕೆ ಮೆಲ್ಲಗೆ ಸಾಗಿಸುವ ಸ್ಲ್ಯೂ ಮಾಡ್ಯೂಲ್. ತಾಳಕ್ಕೆ ಎಂಟು ಹೆಜ್ಜೆಯ ಸೀಕ್ವೆನ್ಸರ್ ಆದಿತಾಳಕ್ಕೆ ಹೊಂದುತ್ತದೆ, ಮಿಶ್ರ ಚಾಪು, ಖಂಡ ಚಾಪುಗಳಿಗೆ ಹೊಂದುವುದಿಲ್ಲ. ಏಳಕ್ಕೋ ಐದಕ್ಕೋ ನಿಲ್ಲಿಸಬಲ್ಲದ್ದನ್ನು ಕೇಳಿ ಕೊಳ್ಳಬೇಕು.

ಇನ್ನು ವಿದ್ಯುತ್ತು. ಪ್ರತಿ ಮಾಡ್ಯೂಲ್ ಎಷ್ಟು ಮಿಲಿಆಂಪ್ ಎಳೆಯುತ್ತದೆಂದು ಪ್ಲಸ್ 12, ಮೈನಸ್ 12 ವೋಲ್ಟುಗಳಿಗೆ ಬೇರೆಬೇರೆಯಾಗಿ ಕೂಡಿಸಿ, ಪವರ್ ಸಪ್ಲೈಯಲ್ಲಿ ಕಾಲು ಭಾಗವಾದರೂ ಮಿಗುವಂತೆ ನೋಡಿಕೊಳ್ಳಬೇಕು. ರಿಬ್ಬನ್ ಕೇಬಲ್ಲಿನ ಕೆಂಪು ಅಂಚು ಮೈನಸ್ 12ರ ಕಡೆಗಿರಬೇಕು; ತಿರುವುಮುರುವಾದರೆ ಮಾಡ್ಯೂಲ್ ಸುಟ್ಟುಹೋಗಬಹುದು.

ಕೊನೆಗೆ ಹತ್ತು ಎಚ್‌ಪಿ ಉಳಿದರೆ ನಾನು ನಾಲ್ಕನೆಯ ಆಸಿಲೇಟರ್ ಹುಡುಕುವುದಿಲ್ಲ. ಹೊರಗಿನ ಸದ್ದನ್ನು ಒಳಗೆ ಕರೆಯುವ ಇನ್‌ಪುಟ್ ಮಾಡ್ಯೂಲ್ ಹಾಕುತ್ತೇನೆ. ಕಿರಂಗೂರಿನ ಬನ್ನಿಮಂಟಪದಿಂದ ಶ್ರೀರಂಗಪಟ್ಟಣಕ್ಕೆ ದಸರಾ ಮೆರವಣಿಗೆ ಹೊರಡುವಾಗ ಮೊಳಗುವ ತಮಟೆ, ನಗಾರಿಗಳಿವೆ. ಲೋಹದ ಎರಕಕ್ಕೆ ಹೆಸರಾದ ನಾಗಮಂಗಲದ ಗಂಟೆಗಳಿವೆ. ಕಾಂಟ್ಯಾಕ್ಟ್ ಮೈಕನ್ನು ತಮಟೆಗೆ ಅಂಟಿಸಿದರೆ ಅದರ ಪೆಟ್ಟು ಫಿಲ್ಟರನ್ನು ತೆರೆದು ಮುಚ್ಚಬಲ್ಲದು. ಗಂಟೆಯ ನಾದ ಅದೇ ಫಿಲ್ಟರಿನ ಮೂಲಕ ಹಾದು ಬಂದರೆ, ಬಡಿಯುವವನ ಲಯಕ್ಕೆ ತಕ್ಕಂತೆ ಕಂಚು ಬಣ್ಣ ಬದಲಿಸುತ್ತದೆ.