ಒಂದೇ ಆನ್‌ಲೈನ್ ಆಟ: ವರ್ಷಗಳ ಗಳಿಕೆ ಎಲ್ಲಿರುತ್ತದೆ?

ರೋಣ, ನರಗುಂದ ಅಥವಾ ಗಜೇಂದ್ರಗಡದ ಒಬ್ಬ ವಿದ್ಯಾರ್ಥಿ ಹಲವರು ಕೂಡಿ ಆಡುವ ಒಂದೇ ಆನ್‌ಲೈನ್ ಆಟವನ್ನು ದಿನಕ್ಕೆ ಎರಡು ಗಂಟೆಯಂತೆ ಐದು ವರ್ಷ ಆಡುತ್ತಾನೆ ಎಂದು ಭಾವಿಸಿ. ಲೆಕ್ಕ ಹಾಕಿ: 2 × 365 × 5 = 3650 ಗಂಟೆ. ಅಂದರೆ ಹಗಲು ರಾತ್ರಿ ಸೇರಿ ಸುಮಾರು 152 ದಿನ! ಈ ಅವಧಿಯಲ್ಲಿ ಅವನು ಗಳಿಸಿದ ದರ್ಜೆ, ಅಂಕ, ಉಡುಪು, ಆಯುಧಗಳು ಎಲ್ಲಿರುತ್ತವೆ? ಮೊಬೈಲಿನಲ್ಲಿ ಎಂದು ನೀವು ಹೇಳಬಹುದು. ಆದರೆ ಅವು ಇರುವುದು ಆಟದ ಕಂಪನಿಯ ಸರ್ವರಿನಲ್ಲಿ.

ಆಟಗಾರ ಪರದೆಯನ್ನು ಒತ್ತಿದೊಡನೆ ಸಂಕೇತ ಸರ್ವರಿಗೆ ಹೋಗುತ್ತದೆ. ಸರ್ವರ್ ಎಲ್ಲ ಆಟಗಾರರ ಸ್ಥಾನವನ್ನು ಲೆಕ್ಕ ಹಾಕಿ ಉತ್ತರ ಕಳಿಸುತ್ತದೆ. ದ್ಯುತಿತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸರ್ವರ್ ಮುಂಬಯಿಯಲ್ಲಿದ್ದರೆ ರೋಣದಿಂದ ನೇರ ದೂರ ಸುಮಾರು 500 ಕಿ.ಮೀ.; ಹೋಗಿಬರಲು 5 ಮಿಲಿಸೆಕೆಂಡು ಸಾಕು. ತಂತುಗಳು ಸುತ್ತಿ ಬಳಸಿ ಸಾಗುವುದರಿಂದ, ಟವರು, ರೌಟರುಗಳಲ್ಲಿ ತಡವಾಗುವುದರಿಂದ ವಾಸ್ತವದಲ್ಲಿ ಇದರ ಹಲವು ಪಟ್ಟು ಸಮಯ ಹಿಡಿಯುತ್ತದೆ. ಆಟಗಾರರು ‘ಪಿಂಗ್’ ಎನ್ನುವುದು ಇದನ್ನೇ. ಗಳಿಕೆಯ ದಾಖಲೆಯೂ ಸರ್ವರಿನಲ್ಲೇ ಇರುವುದರಿಂದ ಮೊಬೈಲ್ ಬದಲಾದರೂ ಅದು ಉಳಿಯುತ್ತದೆ. ಸರ್ವರ್ ನಿಂತರೆ ಮಾತ್ರ ಯಾವ ಮೊಬೈಲಿನಲ್ಲೂ ಸಿಗದು.

ಇದು ಬರೀ ಊಹೆಯಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಅಕ್ಟೋಬರ್ 30ರಂದು ಭಾರತದ ಆಟಗಾರರಿಗೆ ಸರ್ವರ್ ಸೇವೆ ನಿಂತಿತು. 2021ರ ಜುಲೈನಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಬಂದಾಗ, ಹಳೆಯ ಖಾತೆಯ ಮಾಹಿತಿಯನ್ನು ಅದಕ್ಕೆ ವರ್ಗಾಯಿಸಲು ಸೀಮಿತ ಅವಧಿಯ ಅವಕಾಶವಿತ್ತು. 2022ರ ಜುಲೈನಲ್ಲಿ ಅದಕ್ಕೂ ತಡೆ ಬಿತ್ತು. 2023ರ ಮೇ ತಿಂಗಳಲ್ಲಿ ಆಟ ಮರಳಿತು.

ಹೀಗಿದ್ದರೂ ಆಟ ಬಿಡುವುದು ಕಷ್ಟ. ಏಕೆ? ಮೊದಲನೆಯದು, ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನ. ಅಂಥ ಬಹುಮಾನಕ್ಕಾಗಿ ಪಾರಿವಾಳಗಳು ಬಿಡದೆ ಕುಕ್ಕುತ್ತಲೇ ಇರುವುದನ್ನು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪ್ರಯೋಗಗಳಲ್ಲಿ ಕಂಡರು. ಎರಡನೆಯದು, ತಂಡದ ಗೆಳೆಯರು. ಮೂರನೆಯದು, ಕಳೆದ ಕಾಲದ ಮೇಲಿನ ಮೋಹ. ನೀರು ಬಾರದ ಕೊಳವೆಬಾವಿಯನ್ನು ‘ಇಷ್ಟು ಖರ್ಚಾಗಿದೆ, ಇನ್ನೊಂದಿಷ್ಟು ಕೊರೆಸೋಣ’ ಎಂದು ಮುಂದುವರಿಸುವ ರೈತನನ್ನು ನೆನೆಯಿರಿ. ಆದ ಖರ್ಚು ಮರಳಿ ಬಾರದು. ಕೆಳಗೆ ನೀರಿದೆಯೇ ಎಂಬುದಕ್ಕೆ ಅದು ಉತ್ತರವೂ ಅಲ್ಲ.

ಒಂದೇ ಆಟವನ್ನು ದೀರ್ಘಕಾಲ ಆಡುವುದೇ ಕಾಯಿಲೆಯಲ್ಲ. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾದರೂ ಮುಂದುವರಿಸುವುದು – ಈ ಮೂರೂ ಸಾಮಾನ್ಯವಾಗಿ 12 ತಿಂಗಳು ಕಂಡುಬಂದು, ಓದು, ಕುಟುಂಬ ಜೀವನಕ್ಕೆ ತೀವ್ರ ತೊಂದರೆಯಾದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಎಂದು ಪರಿಗಣಿಸುತ್ತದೆ. ಈ ವರ್ಗೀಕರಣ 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥವರಿಗಾಗಿ ‘ಶಟ್’ ಕ್ಲಿನಿಕ್ ಆರಂಭಿಸಿತು.

ಶಿಕ್ಷಕರು ತರಗತಿಯಲ್ಲಿ ಈ ಚಟುವಟಿಕೆ ಮಾಡಿಸಬಹುದು. ಏಳು ದಿನ, ಆಡಬೇಕೆಂದುಕೊಂಡ ಸಮಯ ಮತ್ತು ನಿಜವಾಗಿ ಆಡಿದ ಸಮಯವನ್ನು ವಿದ್ಯಾರ್ಥಿಗಳು ಬರೆದು ನಕ್ಷೆ ಎಳೆಯಲಿ. ಎರಡು ಗೆರೆಗಳ ನಡುವಿನ ಅಂತರ ದಿನೇ ದಿನೇ ಹೆಚ್ಚುತ್ತಿದೆಯೇ ಎಂದು ನೋಡಲಿ. ಬಳಿಕ, ಖಾತೆ ನಾಳೆಯೇ ಅಳಿಸಿಹೋದರೆ ತಮ್ಮಲ್ಲಿ ಉಳಿಯುವುದೇನು ಎಂದು ಪಟ್ಟಿ ಮಾಡಲಿ. ಕೌಶಲ, ಗೆಳೆತನ ಆ ಪಟ್ಟಿಯಲ್ಲಿ ಬರಬಹುದು. ದರ್ಜೆ, ಉಡುಪು ಬರುವುದಿಲ್ಲ.