ಪರದೆಯ ಮೇಲೊಂದು ನೈಜ ಬೇಸ್‌ಬಾಲ್

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲನ್ನು ಆಧರಿಸಿ ಸೋನಿಯ ಸ್ಯಾನ್ ಡಿಯಾಗೊ ಸ್ಟುಡಿಯೋ ರೂಪಿಸುವ 'ಎಂಎಲ್‌ಬಿ ದಿ ಶೋ' ಎಂಬ ವಿಡಿಯೋ ಗೇಮ್ ಸರಣಿಯ ನೈಜತೆಯು ಪಿಚರ್, ಅಂದರೆ ಚೆಂಡೆಸೆಯುವವನ ನಿಯಂತ್ರಣದಲ್ಲೇ ಎದ್ದು ಕಾಣುತ್ತದೆ. 2021ರ ಆವೃತ್ತಿಯಲ್ಲಿ ಬಂದ 'ಪಿನ್‌ಪಾಯಿಂಟ್ ಪಿಚಿಂಗ್' ವಿಧಾನದಲ್ಲಿ ಎಸೆತದ ಬಗೆಗೆ ತಕ್ಕಂತೆ ಪರದೆಯ ಮೇಲೊಂದು ರೇಖೆ ಮೂಡುತ್ತಿದ್ದು, ಆಡುವವರು ಕಂಟ್ರೋಲರಿನ ಸ್ಟಿಕ್ಕನ್ನು ಅದೇ ಜಾಡಿನಲ್ಲಿ, ಅದೇ ಲಯದಲ್ಲಿ ತಿರುಗಿಸಬೇಕಾಗುತ್ತದೆ. ಕೈ ತಪ್ಪಿದರೆ ಚೆಂಡು ಗುರಿಯಿಂದ ಸರಿಯುತ್ತದೆ. 2023ರಲ್ಲಿ ಸೇರಿದ 'ಸ್ಟೋರಿಲೈನ್ಸ್' ವಿಭಾಗವಂತೂ ಇನ್ನೂ ಮಹತ್ವದ್ದು: ವರ್ಣಭೇದದ ಕಾರಣ 1947ರವರೆಗೆ ಮೇಜರ್ ಲೀಗಿನ ಬಾಗಿಲು ಮುಚ್ಚಿದ್ದಾಗ ಕಪ್ಪು ಆಟಗಾರರು ಆಡಿದ ನೀಗ್ರೋ ಲೀಗ್‌ಗಳ ಚರಿತ್ರೆಯನ್ನು ಕ್ಯಾನ್ಸಾಸ್ ಸಿಟಿಯ ನೀಗ್ರೋ ಲೀಗ್ಸ್ ವಸ್ತುಸಂಗ್ರಹಾಲಯದ ಅಧ್ಯಕ್ಷ ಬಾಬ್ ಕೆಂಡ್ರಿಕ್ ಅಲ್ಲಿ ನಿರೂಪಿಸುತ್ತಾರೆ, ಸ್ಯಾಚೆಲ್ ಪೇಜ್ ಅವರಂಥವರ ಸಾಧನೆಗಳನ್ನು ಆಡುವವರು ತಮ್ಮ ಕೈಯಾರೆ ಮರುಸೃಷ್ಟಿಸುತ್ತಾರೆ. ಕ್ರೀಡಾ ಗೇಮ್‌ಗಳಲ್ಲಿ ಇತಿಹಾಸಕ್ಕೆ ಇಷ್ಟು ಗೌರವದ ಸ್ಥಾನ ದೊರೆಯುವುದು ಅಪರೂಪ.