ಹೊಸ ಮನೆಯ ಅಡಿಗೆಮನೆ

ತರ್ಕಶಾಸ್ತ್ರವನ್ನು ಓದಹೊರಟ ವಿದ್ಯಾರ್ಥಿಯು ಮೊದಮೊದಲಲ್ಲಿಯೇ ಒಂದು ದೃಷ್ಟಾಂತವನ್ನು ಕಲಿಯುವನು. ಹೊಗೆಯಿದ್ದಲ್ಲಿ ಬೆಂಕಿಯಿರಲೇಬೇಕು, ಅದಕ್ಕೆ ಅಡಿಗೆಮನೆಯೇ ಸಾಕ್ಷಿ. ಶಾಸ್ತ್ರಕಾರರು ಅಡಿಗೆಮನೆಯನ್ನು 'ಮಹಾನಸ'ವೆಂದು ಕರೆದಿರುವರು. ನಾವು ಮೂವತ್ತು ವರ್ಷಗಳಿಗೂ ಮಿಕ್ಕಿ ಸಂಸ್ಕೃತದ ಪಾಠ ಹೇಳಿದವರು. ಈ ದೃಷ್ಟಾಂತವನ್ನು ಎಷ್ಟು ಮಕ್ಕಳ ಬಾಯಿಂದ ಹೇಳಿಸಿರುವೆವೋ ಲೆಕ್ಕವಿಲ್ಲ. ಆದರೆ ಆ ಹೊಗೆಯು ಯಾರ ಕಣ್ಣನ್ನು ಹೊಕ್ಕಿತು, ಯಾರ ಎದೆಯನ್ನು ಸೇರಿತು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳೂ ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಅದು ಹೊಳೆದುದು ಕಳೆದ ವರ್ಷ, ನಮ್ಮ ಮಗನು ಮಣಿಪಾಲದ ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟಿಸಲು ಹೊರಟಾಗ.

ನಮ್ಮ ಹಳೆಯ ಮನೆಯಿರುವುದು ಕಾರ್ಕಳದ ಸಮೀಪದ ಒಂದು ಹಳ್ಳಿಯಲ್ಲಿ. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಈ ಸೀಮೆಯ ಹುಲ್ಲಿನ ಮಾಡುಗಳು ಮೆಲ್ಲಮೆಲ್ಲನೆ ಕೆಂಪಾದುವಷ್ಟೆ. ಹಂಚಿನ ಸಂದುಗಳಲ್ಲಿ ಹೊಗೆಯು ತಾನಾಗಿಯೇ ಹೋಗುವುದೆಂದು ಹಿರಿಯರು ನಂಬಿದ್ದರು. ಹೋಗುತ್ತಿದ್ದಿತು, ನಿಜ, ಆದರೆ ಅಡಿಗೆ ಮಾಡುವವಳ ಮುಖವನ್ನು ಸವರಿಯೇ ಹೋಗುತ್ತಿದ್ದಿತು. ಹದಿನಾಲ್ಕು ಜನರಿಗೆ ಎರಡು ಹೊತ್ತಿನ ಊಟ. ಕುಚ್ಚಿಲಕ್ಕಿಯಾದುದರಿಂದ ಬೆಂಕಿಯು ಬಹಳ ಹೊತ್ತು ಉರಿಯಬೇಕು. ಮಳೆಗಾಲದಲ್ಲಿ ಸೌದೆಯೂ ಹಸಿ, ತೆಂಗಿನ ಮಡಲೂ ಹಸಿ. ಬೆಳಕಿಗೆ ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು. ನಮ್ಮ ತಾಯಿಯವರು ನಾಲ್ವತ್ತು ವರ್ಷ ಆ ಕೋಣೆಯಲ್ಲಿ ದುಡಿದರು.

ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಪುಸ್ತಕಗಳಿಗೆ ಗಾಜಿನ ಬಾಗಿಲಿನ ಕಪಾಟು ಬಂದ ವರ್ಷ ಅಡಿಗೆಮನೆಗೆ ಹೊಗೆಗೂಡು ಬರಲಿಲ್ಲ. 'ಬರುವ ವರ್ಷ ನೋಡೋಣ' ಎಂದೆವು. ಆ ಬರುವ ವರ್ಷವು ಬರಲು ಹನ್ನೊಂದು ವರ್ಷಗಳಾದುವು. ತಾಯಿಯವರಿಗೆ ಈಗ ಎಂಬತ್ತನಾಲ್ಕು ವರ್ಷ. ಮೆಟ್ಟಲು ಹತ್ತಿದರೆ ದಮ್ಮು. ವಿಶ್ವ ಆರೋಗ್ಯ ಸಂಸ್ಥೆಯವರ ಅಂದಾಜಿನಂತೆ, ಮನೆಯೊಳಗಿನ ಒಲೆಯ ಹೊಗೆಯ ದೆಸೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಮಡಿದವರು ಸುಮಾರು 32 ಲಕ್ಷ ಜನ. ಅಂಕೆಯನ್ನು ಓದಿದಾಗ ನಮಗೆ ಕಂಡುದು ಆ ಗಾಜಿನ ಕಪಾಟು.

ಆದುದರಿಂದ ಹೊಸ ಮನೆಯ ನಕ್ಷೆಯಲ್ಲಿ ಅಡಿಗೆಮನೆಯ ಭಾಗವನ್ನು ನಾವೇ ಬರೆಯುವೆವೆಂದು ಹಟ ಹಿಡಿದೆವು. ವಾಸ್ತುಶಾಸ್ತ್ರದ ಗ್ರಂಥಗಳನ್ನು ತೆಗೆದು, ಆಗ್ನೇಯ ಮೂಲೆಯಲ್ಲಿ ಕೋಣೆ, ಪೂರ್ವಕ್ಕೆ ಮುಖಮಾಡಿದ ಒಲೆ, ಎದುರುಗೋಡೆಯಲ್ಲಿ ಸಿಂಕು, ಬಾಗಿಲಿನಾಚೆ ಫ್ರಿಜ್ಜು ಎಂದು ಚೊಕ್ಕವಾಗಿ ಬರೆದು, ಮನೆಯವಳ ಮುಂದಿಟ್ಟೆವು. ಆಕೆಯು ಕನ್ನಡಕ ಹಾಕಿಕೊಂಡು ನೋಡಿ, "ದಿಕ್ಕೆಲ್ಲ ಸರಿಯಾಗಿದೆ. ಆದರೆ ಕಾಲಿಗೆ ದಿಕ್ಕು ತಿಳಿಯುವುದಿಲ್ಲವಲ್ಲ; ದೂರ ಮಾತ್ರ ತಿಳಿಯುತ್ತದೆ" ಎಂದಳು.

ಆಗ ಸೊಸೆಯು ಒಂದು ಉಪಾಯ ಹೇಳಿದಳು. "ಮಾವ, ಕಾಗದದ ಮೇಲೆ ಅಡಿಗೆ ಮಾಡಿ ನೋಡುವ ಹಾಗಿಲ್ಲ. ಅಂಗಳದಲ್ಲಿ ಬರೆದು ನೋಡುವ." ಹಾಗೆಯೇ ಆಯಿತು. ಒಂದು ಭಾನುವಾರ ಹಳೆಯ ಮನೆಯ ಅಂಗಳದಲ್ಲಿ, ಹಬ್ಬಕ್ಕೆ ರಂಗೋಲಿಯಿಡುವ ಸೇಡಿಯಿಂದಲೇ, ನಕ್ಷೆಯಲ್ಲಿದ್ದಷ್ಟೇ ಅಳತೆಯಲ್ಲಿ ಅಡಿಗೆಮನೆಯನ್ನು ಬರೆದೆವು. ಒಲೆಯ ಸ್ಥಾನದಲ್ಲಿ ಒಂದು ಮಣೆ, ಸಿಂಕಿನ ಸ್ಥಾನದಲ್ಲಿ ಒಂದು ಬಾಲ್ದಿ, ಫ್ರಿಜ್ಜಿನ ಸ್ಥಾನದಲ್ಲಿ ಒಂದು ಕುರ್ಚಿ. ಅತ್ತೆಸೊಸೆಯರು ಅದರೊಳಗೆ ನಿಂತು ಒಂದು ಸಾರು, ಒಂದು ಪಲ್ಯ, ಅನ್ನ, ಇಷ್ಟನ್ನು ಬರಿಗೈಯಲ್ಲಿ ಮಾಡಿದರು. ಮೊಮ್ಮಗಳು ಹೆಜ್ಜೆಗಳನ್ನು ಎಣಿಸಿದಳು. ನಮ್ಮ ಶಾಸ್ತ್ರೋಕ್ತ ನಕ್ಷೆಯಲ್ಲಿ 172 ಹೆಜ್ಜೆಗಳಾದುವು. ಫ್ರಿಜ್ಜನ್ನು ಬಾಗಿಲಿನೊಳಕ್ಕೆ ತಂದು, ಸಿಂಕನ್ನು ಒಲೆಯ ಪಕ್ಕದ ಗೋಡೆಗೆ ತಿರುಗಿಸಿದ ಮೇಲೆ 88 ಹೆಜ್ಜೆಗಳು. ದಿಕ್ಕು ಕೆಡಲಿಲ್ಲ, ಅರ್ಧ ನಡಿಗೆ ಉಳಿಯಿತು.

ಆದರೆ ಆ ದಿನದ ಮುಖ್ಯ ಪಾಠವು ಅದಲ್ಲ. ತಾಯಿಯವರು ಈ ಆಟವನ್ನು ಜಗಲಿಯಿಂದಲೇ ನೋಡುತ್ತಿದ್ದರು. ಸೊಸೆಯು, "ಅಜ್ಜಿ, ನೀವೂ ಒಳಗೆ ಬನ್ನಿ" ಎಂದು ಕರೆದಳು. ಅವರು ಮೆಲ್ಲನೆ ಇಳಿದು ಬಂದು, ಬಿಳಿಯ ಗೆರೆಯ ಹೊರಗೇ ನಿಂತು, "ಬರುತ್ತಿದ್ದೆ ಮಗಾ; ನಾನು ಕೂರುವುದೆಲ್ಲಿ?" ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ತಿಳಿಯಲಿಲ್ಲ. ಎಲ್ಲವೂ ನಿಂತು ಮಾಡುವ ಕೆಲಸಕ್ಕೆಂದು ಬರೆದುದು. ಅವರಿಗೆ ಹೆಚ್ಚು ಹೊತ್ತು ನಿಲ್ಲಲಾಗದು. ಮಂಡಿನೋವಿನಿಂದ ನೆಲದ ಮೇಲೆ ಕೂರಬಾರದೆಂದು ವೈದ್ಯರ ಅಪ್ಪಣೆ. ನಾಲ್ವತ್ತು ವರ್ಷ ಹೊಗೆಯ ಅಡಿಗೆಮನೆಯಲ್ಲಿ ಇರಿಸಿ, ಹೊಗೆಯಿಲ್ಲದ ಅಡಿಗೆಮನೆಯು ಬರುವಾಗ ಅವರನ್ನು ಹೊರಗೆ ನಿಲ್ಲಿಸಿದ್ದೆವು.

ಆ ದಿನ ಕಲಿತುದನ್ನೂ, ಅನಂತರ ಓದಿ, ಕೇಳಿ, ನೋಡಿ ತಿಳಿದುದನ್ನೂ, ಮನೆ ಕಟ್ಟಿಸತಕ್ಕ ವಾಚಕರ ಉಪಯೋಗಕ್ಕಾಗಿ ಕೆಳಗೆ ಅರಿಕೆ ಮಾಡುವೆವು.

ನಡಿಗೆಯ ಲೆಕ್ಕ

ಹೆಜ್ಜೆಗಳನ್ನೆಣಿಸುವ ಈ ಉಪಾಯವು ಹೊಸತಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ 1926ರಲ್ಲಿ ಮಾರ್ಗರೇಟ್ ಶುಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳೆಯು, ಬಡವರ ಹೊಸ ಮನೆಗಳಿಗಾಗಿ, ರೈಲಿನ ಊಟದ ಡಬ್ಬಿಯಲ್ಲಿನ ಪುಟ್ಟ ಅಡಿಗೆಕೋಣೆಯ ಮಾದರಿಯನ್ನು ನೋಡಿ ಒಂದು ಅಡಿಗೆಮನೆಯನ್ನು ರಚಿಸಿದಳು. ಅಗಲ 1.9 ಮೀಟರು, ಉದ್ದ 3.4 ಮೀಟರು. ಪ್ರತಿಯೊಂದು ಕೆಲಸಕ್ಕೆ ಹಿಡಿಯುವ ಹೊತ್ತನ್ನೂ ನಡಿಗೆಯನ್ನೂ ಅಳೆದು ಮಾಡಿದುದು. ಆ ನಗರದಲ್ಲಿ ಅಂತಹವು ಸುಮಾರು ಹತ್ತು ಸಾವಿರ ಕಟ್ಟಲ್ಪಟ್ಟುವು. ಇಂದಿನ ಅಡಿಗೆಕಟ್ಟೆಗಳಿಗೆಲ್ಲ ಅದು ಅಜ್ಜಿಯೆನ್ನಬಹುದು. ಆದರೆ ಅದು ಒಬ್ಬಳೇ ದುಡಿಯುವುದಕ್ಕಾದ ಕೋಣೆ, ಇಬ್ಬರಿಗೆ ಇಕ್ಕಟ್ಟು. ಅತ್ತೆಸೊಸೆಯರಿಬ್ಬರೂ ಕೈಹಾಕುವ ನಮ್ಮ ಮನೆಗಳಿಗೆ ಅದನ್ನು ಹಾಗೆಯೇ ಇಳಿಸಿದರೆ ಮೊಣಕೈಗೆ ಮೊಣಕೈ ತಾಗುವುದು. ಮೊಣಕೈ ತಾಗಿದರೆ ಮಾತೂ ತಾಗುವುದು.

ಒಲೆ, ಸಿಂಕು, ಫ್ರಿಜ್ಜು ಈ ಮೂರನ್ನು ಮೂರು ಬಿಂದುಗಳೆಂದೆಣಿಸಿ ಗೆರೆಯೆಳೆದರೆ ಒಂದು ತ್ರಿಕೋಣವಾಗುವುದಷ್ಟೆ. ಪ್ರತಿಯೊಂದು ಭುಜವೂ 4 ಅಡಿಗೆ ಕಡಿಮೆಯಿರದೆ, 9 ಅಡಿಗೆ ಮೀರದೆ ಇರುವುದು ಲೇಸು. ಎರಡು ಕಟ್ಟೆಗಳು ಎದುರುಬದುರಾಗಿದ್ದರೆ ನಡುವೆ 4 ಅಡಿ ಬಿಡತಕ್ಕದ್ದು. ಸಿಂಕಿಗೂ ಒಲೆಗೂ ನಡುವೆ ಹೆಚ್ಚುವುದಕ್ಕೂ ಇಳುಹುವುದಕ್ಕೂ ಎರಡಡಿಯಾದರೂ ಬರಿಯ ಜಾಗ ಬೇಕು. ಜಾಗವೇ ಕಿರಿದೆನ್ನುವವರಿಗೊಂದು ಸಮಾಧಾನ: ಊಟದ ಕೋಣೆಯು ಬೇರೆಯಿರುವಲ್ಲಿ ಅಡಿಗೆಮನೆಗೆ 5 ಚದರ ಮೀಟರು ವಿಸ್ತಾರ, 1.8 ಮೀಟರು ಅಗಲವಾದರೂ ಇರಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹೇಳುವುದು. ಮಣಿಪಾಲದ ಫ್ಲಾಟುಗಳಲ್ಲಿ ಇದಕ್ಕಿಂತ ಬಹಳ ಹೆಚ್ಚಿಲ್ಲದ ಅಡಿಗೆಮನೆಗಳನ್ನು ನಾವು ಕಂಡಿರುವೆವು. ವಸ್ತುಗಳ ಸ್ಥಾನವು ಸರಿಯಾಗಿದ್ದರೆ ಅಷ್ಟರಲ್ಲಿಯೂ ಅಡಿಗೆ ಸುಖವಾಗಿಯೇ ಆಗುವುದು.

ಎತ್ತರದ ವಿಚಾರ

ಕಟ್ಟೆಯ ಎತ್ತರವನ್ನು ಮೇಸ್ತ್ರಿಯ ರೂಢಿಗೆ ಬಿಡಬಾರದು. ಅಡಿಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈಯನ್ನು ಮಡಿಸಲಿ. ಅದಕ್ಕಿಂತ 4-5 ಅಂಗುಲ ಕೆಳಗೆ ಕಟ್ಟೆಯ ಮೇಲ್ಮೈಯಿರಲಿ. ನಮ್ಮ ಮನೆಯವಳಿಗೆ 32 ಅಂಗುಲ, ಸೊಸೆಗೆ 34 ಅಂಗುಲ ಎಂದಾಯಿತು, 33ಕ್ಕೆ ರಾಜಿಯಾದರು. ಗ್ಯಾಸಿನ ಒಲೆಯನ್ನು ಕಟ್ಟೆಯ ಮೇಲಿಟ್ಟಾಗ ಪಾತ್ರೆಯು ಮತ್ತಷ್ಟು ಮೇಲೇರುವುದರಿಂದ, ಒಲೆಯಿಡುವ ಭಾಗವನ್ನು ಮಾತ್ರ 3 ಅಂಗುಲ ತಗ್ಗಿಸಿದೆವು. ದೊಡ್ಡ ಪಾತ್ರೆಯಲ್ಲಿ ಸೌಟಾಡಿಸುವಾಗ ಹೆಗಲು ನೋಯದಿರಲು ಇದೇ ಉಪಾಯ.

ಪೂರ್ವದ ಕಿಟಕಿಯ ಕೆಳಗೆ ಮೂರಡಿ ಉದ್ದದ ಒಂದು ತಗ್ಗಾದ ಹಲಗೆ: ನೆಲದಿಂದ 27 ಅಂಗುಲ. ಅದರ ಮುಂದೆ ಬೆನ್ನಿಗೆ ಆನಿಕೆಯಿರುವ ಕುರ್ಚಿ. ಹಲಗೆಯ ಅಡಿಯಲ್ಲಿ ಕಪಾಟಿಲ್ಲ, ಕಾಲು ಚಾಚುವುದಕ್ಕೆ. ಕಾಯಿ ಹೆರೆಯುವ ಮಣೆಗೆ ಬದಲಾಗಿ ಹಲಗೆಗೆ ತಿರುಪಿನಿಂದ ಬಿಗಿಯುವ ಕಾಯಿತುರಿ; ಮೆಟ್ಟುಕತ್ತಿಗೆ ಬದಲಾಗಿ ಚೂರಿ. ಇದು ತಾಯಿಯವರ ಸ್ಥಳ. ಬಸಳೆಯ ಎಲೆಯನ್ನು ಬಿಡಿಸಿಕೊಡುವುದು, ಕಾಯಿ ತುರಿಯುವುದು, ಉಪ್ಪು ಹೆಚ್ಚಾಯಿತೇ ಎಂದು ವಿಚಾರಿಸುವುದು, ಈ ಮೂರಕ್ಕೂ ಅಲ್ಲಿಂದಲೇ ಅನುಕೂಲ.

ಹೊಗೆ, ಗಾಳಿ, ಮಳೆ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಅದರ ಹೆಚ್ಚಿನ ಪಾಲು ಜೂನಿನಿಂದ ಸಪ್ಟಂಬರದೊಳಗೆ ನೈಋತ್ಯದ ಗಾಳಿಯೊಡನೆ ಬರುವುದು. ಆದುದರಿಂದ ಪಡುವಣ ಗೋಡೆಯಲ್ಲಿ ಅಡಿಗೆಮನೆಯ ಕಿಟಕಿಯಿಟ್ಟರೆ ನಾಲ್ಕು ತಿಂಗಳು ಅದನ್ನು ಮುಚ್ಚಿಯೇ ಇರಬೇಕಾಗುವುದು. ಹೊಗೆಯನ್ನು ಹೊರದೂಡುವ ಫ್ಯಾನನ್ನೂ ಆ ಗೋಡೆಯಲ್ಲಿರಿಸಿದರೆ ಎದುರುಗಾಳಿಗೆ ಅದು ಸೋಲುವುದು. ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲೂ ಬೆಳಕೂ ಬರುವುವು. ಪ್ರಾಚೀನರ ಆಗ್ನೇಯವು ಈ ಸೀಮೆಯಲ್ಲಿ ಶಾಸ್ತ್ರಕ್ಕೆ ಮಾತ್ರವಲ್ಲ, ಯುಕ್ತಿಗೂ ಒಪ್ಪುವುದೆಂದು ನಮಗೆ ಸಮಾಧಾನವಾಯಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಂಜೂರಿನ ಚೌಕಿಮನೆಯನ್ನು ನೋಡಿದವರಿಗೆ, ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳವಿದ್ದರೆ ಗಾಳಿಬೆಳಕುಗಳು ಒಳಗೆ ಹೇಗೆ ಬರುವುವೆಂಬುದು ತಿಳಿಯುವುದು.

ಗ್ಯಾಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲಿ ಹರಡಿ ನಿಲ್ಲುವುದು. ಮೇಲಿನ ಕಿಟಕಿಯೊಂದನ್ನೇ ನಂಬಕೂಡದು. ನೆಲಕ್ಕೆ ಸಮೀಪದಲ್ಲಿ ಹೊರಗೋಡೆಯಲ್ಲಿ ಜಾಲರಿಯಿರುವ ಒಂದು ರಂಧ್ರವಿರಬೇಕು. ಸೋರಿದ ವಾಸನೆ ಬಂದರೆ ಬಾಗಿಲುಕಿಟಕಿಗಳನ್ನು ತೆರೆಯತಕ್ಕದ್ದು. ಫ್ಯಾನಿನ ಗುಂಡಿಯನ್ನಾಗಲಿ ದೀಪದ ಗುಂಡಿಯನ್ನಾಗಲಿ ಮುಟ್ಟತಕ್ಕದ್ದಲ್ಲ. ಇನ್ನು, ಸ್ನಾನದ ನೀರಿಗೂ ಕುಚ್ಚಿಲಕ್ಕಿಯ ಅನ್ನಕ್ಕೂ ಸೌದೆಯ ಒಲೆಯನ್ನು ಬಿಡದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ವಿಭಾಗದವರು ರಚಿಸಿದ ಹೊಗೆಗೂಡಿನ ಅಸ್ತ್ರ ಒಲೆಯ ರೀತಿಯನ್ನಾದರೂ ಅನುಸರಿಸಲಿ. ಒಂದೇ ಉರಿಯಲ್ಲಿ ಮೂರು ಪಾತ್ರೆಗಳು. ಹೊಗೆಯು ಕೊಳವೆಯಲ್ಲಿ ಹೊರಕ್ಕೆ. ಇದು ಬರುವ ವರ್ಷಕ್ಕೆ ಬಿಡುವ ಕೆಲಸವಲ್ಲ.

ಕಲ್ಲು, ಮರ, ಕಬ್ಬಿಣ

ನಮ್ಮ ತಂಗಿಯ ಮನೆಯು ಕಾಪುವಿನಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭವು ಕಾಣುವಷ್ಟು ದೂರದಲ್ಲಿದೆ. ಅಲ್ಲಿಯ ಹೊಸ ಅಡಿಗೆಮನೆಯ ಅಂದವಾದ ಕಪಾಟುಗಳು ಎರಡು ಮಳೆಗಾಲಗಳನ್ನು ಕಂಡುವು. ಮೂರನೆಯದಕ್ಕೆ ಬಾಗಿಲುಗಳು ಉಬ್ಬಿ ಮುಚ್ಚದಾದುವು, ತಿರುಗಣಿಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಮುರಿದುವು. ಮರದ ಪುಡಿಯನ್ನು ಅಂಟಿಸಿ ಒತ್ತಿದ ಹಲಗೆಯು ಈ ತೇವಕ್ಕೆ ಸಲ್ಲದು. ಪ್ಲೈವುಡ್ಡೇ ಆಗಬೇಕಾದರೆ ಐ.ಎಸ್. 710 ಎಂಬ ಗುರುತಿರುವ, ನೀರಿಗೆ ತಡೆಯುವ ಜಾತಿಯದನ್ನು ಕೇಳಿ ಕೊಳ್ಳಲಿ; ತಿರುಗಣಿಗಳು ತುಕ್ಕುಹಿಡಿಯದ ಉಕ್ಕಿನವಾಗಿರಲಿ. ಸಿಂಕಿನ ಕೆಳಗಂತೂ ಬಾಗಿಲಿಲ್ಲದ ಕಲ್ಲಿನ ಹಲಗೆಯೇ ಲೇಸು. ಗಾಳಿಯಾಡುವಲ್ಲಿ ಜಿರಲೆಗೂ ಬೂಷ್ಟಿಗೂ ನೆಲೆಯಿಲ್ಲ.

ಕಟ್ಟೆಯ ಮೇಲ್ಮೈಗೆ ಕಡಪದ ಕಲ್ಲು ಅಗ್ಗವಾದರೂ, ಅದು ಸುಣ್ಣದ ಅಂಶವುಳ್ಳದು. ಹುಣಿಸೆ, ಲಿಂಬೆ, ಪುನರ್ಪುಳಿಗಳ ಹುಳಿಯು ಅದನ್ನು ತಿನ್ನುವುದು. ಕರಿಗಲ್ಲಿಗೆ ಆ ಭಯವಿಲ್ಲ. ನಮ್ಮ ಕಾರ್ಕಳದ ಗೊಮ್ಮಟನು 1432ರಿಂದ ಬಯಲಿನಲ್ಲಿ ಮಳೆಯನ್ನು ಸಹಿಸಿ ನಿಂತಿರುವನು. ಅವನ ಜಾತಿಯ ಕಲ್ಲು ಸಾಂಬಾರಿಗೆ ಹೆದರುವುದೇ?

ವಿದ್ಯುತ್ತಿನ ವಿಷಯದಲ್ಲಿ, ಗ್ರೈಂಡರು, ಮಿಕ್ಸಿ, ಫ್ರಿಜ್ಜು, ಇಂಡಕ್ಷನ್ ಒಲೆಗಳಿಗೆ ಪ್ರತ್ಯೇಕ ಸ್ಥಾನಗಳನ್ನು ಗೋಡೆಗೆ ಗಾರೆ ಹಚ್ಚುವ ಮುನ್ನವೇ ಗುರುತಿಸತಕ್ಕದ್ದು. ಸಿಂಕಿನ ಮೇಲಾಗಲಿ ಒಲೆಯ ಮೇಲಾಗಲಿ ಪ್ಲಗ್ಗು ಬೇಡ. ದೀಪವು ಬೆನ್ನ ಹಿಂದಿದ್ದರೆ ಹೆಚ್ಚುವ ಕೈಯ ಮೇಲೆ ನಮ್ಮದೇ ನೆರಳು ಬೀಳುವುದು. ಕಟ್ಟೆಯ ಮೇಲೆಯೇ ಒಂದು ದೀಪವಿರಲಿ.

ಮುಹೂರ್ತದ ಮಾತು

ಇಷ್ಟೆಲ್ಲ ಯೋಚನೆಯು ಒಂದು ಅಡಿಗೆಮನೆಗೆ ಹೆಚ್ಚಾಯಿತೆನ್ನುವ ಗೃಹಸ್ಥರಿರುವರು. ಅವರು ಉಡುಪಿಯ ಪರ್ಯಾಯದ ಕ್ರಮವನ್ನು ನೆನೆಯಲಿ. ಎರಡು ವರ್ಷಗಳಿಗೊಮ್ಮೆ ಶ್ರೀಕೃಷ್ಣನ ಪೂಜಾಧಿಕಾರವು ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವುದು. ಅದರೊಡನೆ ಬಂದವರಿಗೆಲ್ಲ ಅನ್ನವಿಕ್ಕುವ ಭಾರವೂ ಹೋಗುವುದು. ಆ ಎರಡು ವರ್ಷಗಳಿಗಾಗಿ, ವರ್ಷಕ್ಕೂ ಮೊದಲೇ ಬಾಳೆಯ ಮುಹೂರ್ತ, ಅನಂತರ ಅಕ್ಕಿಯ ಮುಹೂರ್ತ, ಕಟ್ಟಿಗೆಯ ಮುಹೂರ್ತ, ಭತ್ತದ ಮುಹೂರ್ತ. ಎಲೆ, ಅಕ್ಕಿ, ಸೌದೆ, ಧಾನ್ಯ, ಒಂದೊಂದನ್ನೂ ಮುಂದಾಗಿ ಯೋಚಿಸಿದ ಮೇಲೆಯೇ ಅಧಿಕಾರದ ಹಸ್ತಾಂತರ. ಎರಡು ವರ್ಷದ ಅಡಿಗೆಗೆ ಅಷ್ಟು ಸಿದ್ಧತೆಯಿರುವಾಗ, ಎರಡು ತಲೆಮಾರಿನ ಅಡಿಗೆಗೆ ಒಂದು ಭಾನುವಾರವನ್ನು ಕೊಡಲಾಗದೇ?

ಹಸ್ತಾಂತರದಲ್ಲಿ ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳಿಗೆ ಒಪ್ಪಿಸುವುದೂ ಅಕ್ಷಯಪಾತ್ರೆಯನ್ನು ಮತ್ತು ಸಟ್ಟುಗವನ್ನು. ಮನೆಗಳಲ್ಲಿಯೂ ಸಟ್ಟುಗವು ಕೈಯಿಂದ ಕೈಗೆ ಹೋಗಬೇಕಾದುದೇ. ಆದರೆ ಕೊಟ್ಟವರು ನಿಲ್ಲುವುದಕ್ಕೆ, ಅಲ್ಲ, ಕೂರುವುದಕ್ಕೆ, ಒಳಗೊಂದು ಸ್ಥಳವಿರಬೇಕು.

ಕಳೆದ ತಿಂಗಳು ಹೊಸ ಮನೆಯಲ್ಲಿ ಹಾಲುಕ್ಕಿಸಿದೆವು. ತಾಯಿಯವರು ಪೂರ್ವದ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತು, ಹಲಗೆಯನ್ನು ಅಂಗೈಯಿಂದ ಒಮ್ಮೆ ಸವರಿ, "ಮಾಣಿ, ಇಲ್ಲಿ ಹೊಗೆಯೇ ಇಲ್ಲವಲ್ಲ, ಒಲೆ ಹತ್ತಿಸಿದ್ದೀರೋ ಇಲ್ಲವೋ?" ಎಂದು ಕೇಳಿದರು. ಹೊಗೆಯನ್ನು ನೋಡಿ ಬೆಂಕಿಯನ್ನು ತಿಳಿಯಬೇಕೆಂದು ಮೂವತ್ತು ವರ್ಷ ಪಾಠ ಹೇಳಿದ ನಾವು, "ಹತ್ತಿಸಿದೆ, ಅಮ್ಮ" ಎಂದೆವು. ಮನೆ ಕಟ್ಟಿಸುವ ಗೃಹಸ್ಥರಲ್ಲಿ ನಮ್ಮ ಪ್ರಾರ್ಥನೆಯಿಷ್ಟೆ: ಮೇಸ್ತ್ರಿಯು ದಾರ ಹಿಡಿಯುವ ಮುನ್ನ ಅಂಗಳದಲ್ಲಿ ಗೆರೆಯೆಳೆಯಿರಿ, ಮನೆಯ ಹೆಂಗಸರೆಲ್ಲರನ್ನೂ ಅದರೊಳಕ್ಕೆ ಕರೆಯಿರಿ, ಗೆರೆಯ ಹೊರಗೆ ಯಾರಾದರೂ ನಿಂತಿರುವರೇ ಎಂದು ಒಮ್ಮೆ ತಿರುಗಿ ನೋಡಿರಿ.